ಶೋಪಾನ್ ನಾಕ್ಟರ್ನ್: ಹಳೆಯ ರೆಕಾರ್ಡಿಂಗ್‌ಗಳಲ್ಲಿ ಎರಡು ಕೈ ಯಾಕೆ ಕೂಡುವುದಿಲ್ಲ? ಇವತ್ತು ಹಾಗೆ ನುಡಿಸಬಹುದೇ?

ಕರಿಬಿಳಿ_ಕೀ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶೋಪಾನನ ಇ ಫ್ಲ್ಯಾಟ್ ಮೇಜರ್ ನಾಕ್ಟರ್ನ್ (ರಾತ್ರಿಯ ಭಾವದ ಪಿಯಾನೊ ರಚನೆ), ಓಪಸ್ 9 ನಂ. 2, ಕಲಿಯುವವರ ಪ್ರಶ್ನೆ ಇದು. ಈಗಿನ ಬಹುಪಾಲು ರೆಕಾರ್ಡಿಂಗ್‌ಗಳಲ್ಲಿ ಎಡಗೈಯ ಬೇಸ್ ಸ್ವರವೂ ಬಲಗೈಯ ಮೆಲಡಿಯೂ ಒಂದೇ ಏಟಿಗೆ ಬೀಳುತ್ತವೆ. 1938ರಲ್ಲಿ ರಾವುಲ್ ಕೊಚಾಲ್‌ಸ್ಕಿ ನುಡಿಸಿದ ಇದೇ ನಾಕ್ಟರ್ನ್ ಕೇಳಿ, ಅಥವಾ ಅದಕ್ಕೂ ಹಿಂದಿನ ಪಿಯಾನಿಸ್ಟರಾದ ಪಾಖ್ಮನ್, ಪಡೆರೆವ್‌ಸ್ಕಿ ಇವರ ಶೋಪಾನ್ ಕೇಳಿ. ಬೇಸ್ ಮೊದಲು ಬರುತ್ತದೆ, ಮೆಲಡಿ ಆಮೇಲೆ. ಬರೆದಿಲ್ಲದ ಕಡೆಯೂ ಕಾರ್ಡುಗಳು ಚದುರುತ್ತವೆ. ಒಂದೇ ಸಾಲಿನೊಳಗೆ ವೇಗ ಏರಿ ಇಳಿಯುತ್ತದೆ.

ಹೀಗೆ ನುಡಿಸಿದರೆ ಕ್ಲಾಸಿನಲ್ಲಿ ‘ಕೈ ಕೂಡುತ್ತಿಲ್ಲ’ ಅನ್ನುತ್ತಾರೆ. ಹಾಗಾದರೆ ಇದು ಆ ಕಾಲದ ಪದ್ಧತಿಯೋ, ಒಬ್ಬೊಬ್ಬರ ಖಯಾಲಿಯೋ? ಪದ್ಧತಿಯಾದರೆ ಎಲ್ಲಿ, ಎಷ್ಟು ತಡ ಮಾಡಬೇಕು, ಹೇಗೆ ಅಭ್ಯಾಸ ಮಾಡಬೇಕು? ಗ್ರೇಡ್ ಪರೀಕ್ಷೆಯಲ್ಲಿ ಎಷ್ಟರ ಮಟ್ಟಿಗೆ ನಡೆದೀತು? ಮನೆಯಲ್ಲಿರುವುದು 88 ಕೀಗಳ ಡಿಜಿಟಲ್ ಪಿಯಾನೊ.

ಮಂದ್ರಸ್ಥಾಯಿ

ಪದ್ಧತಿಯೇ. ಬರಹದ ಸಾಕ್ಷಿಯೂ ಇದೆ. ಪಡೆರೆವ್‌ಸ್ಕಿ, ಫ್ರೀಡ್‌ಮನ್, ಷ್ನಾಬೆಲ್ ಇವರೆಲ್ಲ ವಿಯೆನ್ನಾದಲ್ಲಿ ಥಿಯೊಡೋರ್ ಲೆಶೆಟಿಟ್ಸ್ಕಿ (1830–1915) ಬಳಿ ಕಲಿತವರು. ಅವನ ಸಹಾಯಕಿ ಮಾಲ್ವಿನೆ ಬ್ರೇ 1902ರಲ್ಲಿ ಅವನ ಒಪ್ಪಿಗೆ ಪಡೆದೇ ಪಾಠಕ್ರಮವನ್ನು ಪುಸ್ತಕ ಮಾಡಿದಳು. ಅದರ ಸಾರ ಇಷ್ಟು: ಬೇಸನ್ನೂ ಮೆಲಡಿಯನ್ನೂ ಯಾವಾಗಲೂ ಒಟ್ಟಿಗೆ ಒತ್ತಬೇಕಿಲ್ಲ. ಮೆಲಡಿ ಒಂದು ಕ್ಷಣ ತಡವಾದರೆ ಎದ್ದೂ ಕೇಳುತ್ತದೆ, ಮೆತ್ತಗೂ ಕೇಳುತ್ತದೆ. ಆದರೆ ಅದು ಫ್ರೇಸ್ ಶುರುವಾಗುವಲ್ಲಿ, ಮುಖ್ಯ ಸ್ವರಗಳಲ್ಲಿ, ಬಲವಾದ ಬೀಟಿನಲ್ಲಿ ಮಾತ್ರ. ದುರ್ಬಲ ಬೀಟಿನಲ್ಲಿ ಕೈಗಳು ಕೂಡಿಯೇ ಇರಲಿ. ತಡವೂ ಬಲು ಚಿಕ್ಕದಿರಬೇಕು, ವಿಷಯ ಗೊತ್ತಿಲ್ಲದವರಿಗೆ ಅದು ಹತ್ತಲೇಬಾರದು.

ತಮಾಷೆ ಏನೆಂದರೆ, 1906ರಲ್ಲಿ ಲೆಶೆಟಿಟ್ಸ್ಕಿ ತಾನೇ ವೆಲ್ಟೆ-ಮಿನ್ಯೋನ್ ರೋಲಿಗೆ (ತಾನೇ ನುಡಿಯುವ ಪಿಯಾನೊಗೆ ಹಾಕುವ ಕಾಗದದ ಸುರುಳಿ) ನುಡಿಸಿದ ಡಿ ಫ್ಲ್ಯಾಟ್ ನಾಕ್ಟರ್ನ್ (ಓಪಸ್ 27 ನಂ. 2) ಸಿಗುತ್ತದೆ. ಅದರಲ್ಲಿ ಪುಸ್ತಕದ ಮಿತಿಗಿಂತ ಎಷ್ಟೋ ಹೆಚ್ಚು ಸಲ, ಹೆಚ್ಚು ಅಗಲವಾಗಿ ಕೈ ಬಿಡಿಸುತ್ತಾನೆ. ಬರೆದ ನಿಯಮ ಮಾತ್ರ ಹಿಡಿದು ಹೊರಟರೆ ಆ ಕಾಲದ ನಾದ ಅರ್ಧವೇ ಸಿಗುತ್ತದೆ.

ನೀವು ಒಂದೇ ಉಸಿರಿನಲ್ಲಿ ಹೇಳಿದ್ದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ, ಮೊದಲು ಅವನ್ನು ಬಿಡಿಸಿಕೊಳ್ಳಿ. ಒಂದು, ಕೈ ಬಿಡಿಸುವುದು: ಬೇಸ್ ಬಿದ್ದ ಮೇಲೆ ಮೆಲಡಿ ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ತಡ, ಮುಂದಿನ ಸ್ವರಕ್ಕೆ ಎಲ್ಲ ಸರಿಹೋಗುತ್ತದೆ. ಇನ್ನೊಂದು ನಿಜವಾದ ರುಬಾಟೊ: ಎಡಗೈ ತಾಳ ಬಿಡದೆ ನಡೆಯುತ್ತಿರುತ್ತದೆ, ಬಲಗೈ ಎರಡು ಮೂರು ಬೀಟುಗಳ ಮಟ್ಟಿಗೆ ಹಿಂದೆ ಉಳಿದು ಅಥವಾ ಮುಂದೆ ಓಡಿ ಮತ್ತೆ ಬಂದು ಸೇರಿಕೊಳ್ಳುತ್ತದೆ. ಅಡಾಜಿಯೊದಲ್ಲಿ ತನ್ನ ಎಡಗೈ ಬಲಗೈಗೆ ಮಣಿಯುವುದಿಲ್ಲ ಎಂದು ಮೊಜಾರ್ಟ್ 1777ರಲ್ಲೇ ಅಪ್ಪನಿಗೆ ಬರೆದಿದ್ದ. ಶೋಪಾನನ ಶಿಷ್ಯರಾದ ಮಿಕುಲಿ, ಲೆಂಟ್ಸ್ ಕೂಡ ಎಡಗೈಯೇ ವಾದ್ಯವೃಂದದ ನಿರ್ದೇಶಕ ಎಂಬ ಅರ್ಥದ ಮಾತನ್ನೇ ಗುರುವಿನದೆಂದು ದಾಖಲಿಸಿದ್ದಾರೆ. ನಮ್ಮವರಿಗೆ ಇದು ಹೊಸದೇನಲ್ಲ. ಸುಗಮ ಸಂಗೀತದಲ್ಲಿ ತಬಲಾದ ಠೇಕಾ ತನ್ನ ಪಾಡಿಗೆ ಹೋಗುತ್ತಿರುತ್ತದೆ, ಹಾಡುವವರು ಸಾಲನ್ನು ಎಳೆದು ತಡವಾಗಿ ಬಿಟ್ಟು ಸಮ್‌ಗೆ ಸರಿಯಾಗಿ ಬಂದು ಕೂರುತ್ತಾರಲ್ಲ, ಅದೇ.

ಇನ್ನು ನಿಮ್ಮ ನಾಕ್ಟರ್ನ್. 12/8 ತಾಳ, ಬಾರಿಗೆ ನಾಲ್ಕು ದೊಡ್ಡ ಬೀಟು, ಪ್ರತಿ ಬೀಟಿಗೂ ಎಡಗೈಯಲ್ಲಿ ಒಂದು ಬೇಸ್, ಎರಡು ಕಾರ್ಡ್. ಶೋಪಾನ್ ಕೊಟ್ಟ ಮೆಟ್ರೊನೋಮ್ ಗುರುತು ಎಂಟನೇ ಸ್ವರಕ್ಕೆ 132. ಆ ಲೆಕ್ಕದಲ್ಲಿ ಒಂದು ಬಾರ್ ಸುಮಾರು ಐದೂವರೆ ಸೆಕೆಂಡು. 34 ಬಾರುಗಳಿಗೆ ಮೂರು ನಿಮಿಷ ಚಿಲ್ಲರೆ. ಇವತ್ತು ನಾಲ್ಕೂವರೆ ನಿಮಿಷ ತೆಗೆದುಕೊಳ್ಳುವುದು ಮಾಮೂಲು, ಅಂದರೆ 90–100ರ ನಡಿಗೆ. ಈ ವ್ಯತ್ಯಾಸ ಮುಖ್ಯ. ನಿಧಾನವಾದಷ್ಟೂ ಎಡಗೈಯ ಒಂದೊಂದು ಕಾರ್ಡೂ ಒಂದೊಂದು ಘಟನೆಯಾಗಿಬಿಡುತ್ತದೆ, ಅದರ ಮೇಲೆ ಮೆಲಡಿ ತೇಲುವುದಿಲ್ಲ. ಬೀಟು ಹರಿಯುತ್ತಿದ್ದರೆ ತಡ ಮಾಡಿದ್ದು ಹಾಡಿದಂತೆ ಕೇಳುತ್ತದೆ, ಇಲ್ಲದಿದ್ದರೆ ಎಡವಿದಂತೆ.

ಅಭ್ಯಾಸ ಎಡಗೈಯಿಂದಲೇ ಶುರುವಾಗಲಿ. ಮೊದಲ ನಾಲ್ಕು ಬಾರ್, ಎಡಗೈ ಮಾತ್ರ, ಪೆಡಲಿನೊಂದಿಗೆ, ಎಂಟನೇ ಸ್ವರಕ್ಕೆ 100. ಬೇಸ್ ಬೆರಳಿನ ತೂಕದಲ್ಲಿ, ಎರಡು ಕಾರ್ಡುಗಳು ಅದಕ್ಕಿಂತ ಮೆಲ್ಲಗೆ, ಎರಡನೆಯದು ಇನ್ನೂ ಮೆಲ್ಲಗೆ. ಅದು ಕೂತ ಮೇಲೆ ಮೆಟ್ರೊನೋಮ್ ಬಾರಿಗೆ ಒಂದೇ ಸಲ ಬಡಿಯುವಂತೆ ಇಡಿ, ಆ್ಯಪ್‌ಗಳಲ್ಲಿ ಇದು ಸುಲಭ. 7.2 ಸೆಕೆಂಡಿಗೆ ಒಂದು ಬಡಿತ. ಎಡಗೈ ನಿಜವಾಗಿ ತಾಳದಲ್ಲಿದೆಯೋ ಇಲ್ಲವೋ ಇಲ್ಲಿ ಬಯಲಾಗುತ್ತದೆ. ಆಮೇಲೆ ಎಡಗೈ ನುಡಿಸುತ್ತ ಮೆಲಡಿಯನ್ನು ಬಾಯಲ್ಲಿ ಹಾಡಿ. ದನಿ ತಾನಾಗಿಯೇ ಎಲ್ಲಿ ತಡವಾಗುತ್ತದೋ ಗಮನಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ. ಆಮೇಲಷ್ಟೇ ಬಲಗೈ.

ಮೊದಲ ಜಾಗ ಸ್ಪಷ್ಟವಾಗಿದೆ. ಬಲಗೈಯ ಬಿ ಫ್ಲ್ಯಾಟ್ ಒಂಟಿಯಾಗಿ ಬಂದು, ಮೊದಲ ಬಾರಿನಲ್ಲಿ ಮೇಲಿನ ಜಿ. ಅದರ ಕೆಳಗೆ ಎಡಗೈಯ ಇ ಫ್ಲ್ಯಾಟ್. ಆ ಜಿಯನ್ನು ತಡ ಮಾಡಿ. 100ರ ವೇಗದಲ್ಲಿ ಎಂಟನೇ ಸ್ವರ 600 ಮಿಲಿಸೆಕೆಂಡು, ಮೂವತ್ತೆರಡನೇ ಸ್ವರ 150. 60–80 ಮಿಲಿಸೆಕೆಂಡು ಸೌಮ್ಯ. 150 ಮೇಲಿನ ಗಡಿ. ಅದನ್ನು ದಾಟಿದರೆ ಜಿ ಎಡಗೈಯ ಮೊದಲ ಕಾರ್ಡಿನ ಕಡೆ ವಾಲಿ, ಬೇರೆಯೇ ಲಯ ಬರೆದಂತೆ ಕೇಳುತ್ತದೆ. ಥೀಮ್ 1, 5, 13, 21ನೇ ಬಾರುಗಳಲ್ಲಿ ಶುರುವಾಗುತ್ತದೆ, ಪ್ರತಿ ಸಲವೂ ಶೋಪಾನ್ ಅಲಂಕಾರ ಹೆಚ್ಚಿಸುತ್ತಾನೆ. ನಾಲ್ಕು ಸಲವೂ ಒಂದೇ ಅಳತೆಯ ತಡ ಬೇಡ. ಮೊದಲ ಸಲ ಚಿಕ್ಕದು, 21ರಲ್ಲಿ ಅಗಲ, ನಡುವೆ ಒಂದು ಸಲ ಬೇಕೆಂದೇ ಕೂಡಿಸಿ ನುಡಿಸಿ. ಅಲಂಕಾರದ ಸಣ್ಣ ಸ್ವರಗಳು ಓಡುವ ಕಡೆ ಕೈ ಬಿಡಿಸಬೇಡಿ. ಅಲ್ಲಿ ಬೇಕಾದದ್ದು ಎರಡನೇ ಬಗೆಯ ರುಬಾಟೊ, ಗುಂಪು ನಿಧಾನವಾಗಿ ಎದ್ದು ಕೊನೆಗೆ ಬೇಗ ಮುಗಿದು ಮುಂದಿನ ಬೇಸಿಗೆ ಸರಿಯಾಗಿ ಬೀಳುವುದು.

ಕೆಡುವುದು ಹೆಚ್ಚಾಗಿ ಪೆಡಲಿನಿಂದ. ಎರಡೂ ಕೈ ಕೂಡಿ ನುಡಿಸಿ ರೂಢಿಯಾದ ಕಾಲು ಮೆಲಡಿಯ ಜೊತೆ ಪೆಡಲ್ ಬದಲಿಸುತ್ತದೆ. ಮೆಲಡಿ ತಡವಾದರೆ ಪೆಡಲೂ ತಡ; ಅಷ್ಟರಲ್ಲಿ ಎಡಗೈ ಬೇಸ್ ಬಿಟ್ಟು ಕಾರ್ಡಿನ ಕಡೆ ಹಾರಿರುತ್ತದೆ, ಬೇಸ್ ಸತ್ತುಹೋಗುತ್ತದೆ. ಪೆಡಲ್ ಬದಲಾವಣೆ ಬೇಸಿಗೆ ಅಂಟಿಕೊಂಡಿರಬೇಕು, ಬೆರಳು ಕೀ ಬಿಡುವ ಮೊದಲೇ ಕೆಳಗಿರಬೇಕು. ಕೈ ಬಿಡಿಸುವುದರ ನಾದದ ಗುಟ್ಟೂ ಇಲ್ಲೇ ಇದೆ. ಡ್ಯಾಂಪರ್‌ಗಳು ಎದ್ದು ಬೇಸಿನ ತಂತಿ ಮೊಳಗುತ್ತಿರುವಾಗ ಮೆಲಡಿ ಸ್ವರ ಬಿದ್ದರೆ ಬೇಸಿನ ಏಟಿನ ಸದ್ದು ಅದನ್ನು ಮುಚ್ಚುವುದಿಲ್ಲ, ಉಳಿದ ತಂತಿಗಳೂ ಜೊತೆಗೂಡುತ್ತವೆ. ಜೋರಾಗಿ ಒತ್ತದೆಯೇ ಮೆಲಡಿ ಮುಂದೆ ಬರುತ್ತದೆ.

ಇನ್ನೊಂದು ತೊಂದರೆ, ತಡವಾಗಿ ಬಂದ ಸ್ವರಕ್ಕೆ ಏಟು ಬೀಳುವುದು. ತಡ ಮಾಡಿ ಜೋರಾಗಿ ಒತ್ತಿದರೆ ಅದು ಸಿಂಕೊಪೇಶನ್. ತಡವಾದ ಸ್ವರ ಸಾಮಾನ್ಯಕ್ಕಿಂತ ಒಂದು ಗುಲಗಂಜಿ ಮೆಲ್ಲಗಿರಬೇಕು.

ಹಳೇ_ಪ್ಲೇಟು

ಮೇಲಿನವರು ಹೇಳಿದ್ದು ಸರಿ, ಆದರೆ ಹಳೆಯ ರೆಕಾರ್ಡಿಂಗ್‌ಗಳನ್ನು ಮಾದರಿ ಇಟ್ಟುಕೊಳ್ಳುವಾಗ ಯಾವುದರಿಂದ ಏನು ನಂಬಬಹುದು ಎಂಬ ವಿವೇಚನೆ ಬೇಕು.

ರೋಲುಗಳು ಧ್ವನಿಮುದ್ರಣವಲ್ಲ, ಕಾಗದದಲ್ಲಿ ಕೊರೆದ ತೂತುಗಳು. ಯಾವ ಸ್ವರ ಯಾವುದಕ್ಕಿಂತ ಮೊದಲು ಬಂತು ಎಂಬ ವಿಷಯದಲ್ಲಿ ಸಾಕಷ್ಟು ನಂಬಬಹುದು. ಹಾಗಾಗಿ ಕೈ ಬಿಡಿಸಿದ್ದಕ್ಕೆ, ಕಾರ್ಡ್ ಚದುರಿಸಿದ್ದಕ್ಕೆ ಒಳ್ಳೆಯ ಸಾಕ್ಷಿ. ಜೋರು-ಮೆಲು ಅಷ್ಟು ನಂಬಲರ್ಹವಲ್ಲ, ಅದನ್ನು ಮರುನುಡಿಸುವ ಯಂತ್ರವೇ ಹುಟ್ಟಿಸುತ್ತದೆ. ಯಂತ್ರ ಸರಿಯಾಗಿ ರಿಪೇರಿಯಾಗಿರದಿದ್ದರೆ ದೊಡ್ಡ ಪಿಯಾನಿಸ್ಟ್ ಕೂಡ ಮರಗೈಯವನಂತೆ ಕೇಳುತ್ತಾನೆ. ತಪ್ಪು ಸ್ವರಗಳ ತೂತು ಮುಚ್ಚಿ ಸರಿಯಾದ ಕಡೆ ಕೊರೆಯಲು ಸಾಧ್ಯವಿತ್ತು. ಆದ್ದರಿಂದ ರೋಲಿನ ‘ಶುದ್ಧಿ’ಗೆ ಹೆಚ್ಚು ಬೆಲೆ ಕೊಡಬೇಡಿ.

ವೇಗದ ವಿಷಯ ಇನ್ನೂ ಸೂಕ್ಷ್ಮ. ಗ್ರಾಮಫೋನ್ ತಟ್ಟೆ ತಪ್ಪು ವೇಗದಲ್ಲಿ ತಿರುಗಿದರೆ ಶ್ರುತಿಯೂ ಏರುತ್ತದೆ, ಅದೇ ನಮಗೆ ಸುಳಿವು. ಇ ಫ್ಲ್ಯಾಟ್ ನಾಕ್ಟರ್ನ್ ಅರ್ಧ ಸ್ವರ ಮೇಲೆ, ಇ ಮೇಜರಿನಲ್ಲಿ, ಕೇಳಿದರೆ ವೇಗವೂ ಸುಮಾರು ಶೇ 6 ಹೆಚ್ಚಾಗಿದೆ ಎಂದು ಲೆಕ್ಕ ಹಾಕಬಹುದು. 100 ಅನಿಸಿದ್ದು ನಿಜದಲ್ಲಿ 94. ‘78’ ಎಂದು ಕರೆಯುವ ಹಳೆಯ ತಟ್ಟೆಗಳೆಲ್ಲ 78ರಲ್ಲೇ ಮುದ್ರಣವಾದವಲ್ಲ, ಹಾಗಾಗಿ ಈ ಪರೀಕ್ಷೆ ಮಾಡದೆ ಟೆಂಪೊ ಬಗ್ಗೆ ವಾದಕ್ಕಿಳಿಯಬೇಡಿ. ರೋಲಿನಲ್ಲಿ ಈ ಅನುಕೂಲ ಇಲ್ಲ. ಕಾಗದ ಎಷ್ಟು ವೇಗವಾಗಿ ಓಡಿದರೂ ಪಿಯಾನೊದ ಶ್ರುತಿ ಶ್ರುತಿಯೇ.

1925ರ ಮೊದಲಿನ ತಟ್ಟೆಗಳು ಮೈಕ್ ಇಲ್ಲದೆ, ಕಹಳೆಯ ಮುಂದೆ ನುಡಿಸಿ ಮಾಡಿದವು. ಬೇಸ್ ಸರಿಯಾಗಿ ಹಿಡಿಯುತ್ತಿರಲಿಲ್ಲ, ತೀರಾ ಮೆಲ್ಲಗೆ ನುಡಿಸಿದ್ದು ಮೇಣಕ್ಕೆ ಇಳಿಯುತ್ತಿರಲಿಲ್ಲ. ಪಾಖ್ಮನ್‌ನ ಖ್ಯಾತಿ ಇದ್ದದ್ದೇ ಅತಿ ಮೆಲುದನಿಯಲ್ಲಿ. 1907ರಿಂದಾಚೆಗಿನ ಅವನ ಆರಂಭದ ತಟ್ಟೆಗಳು ಅವನನ್ನು ತೋರಿಸುವುದಕ್ಕಿಂತ ಮುಚ್ಚಿಡುವುದೇ ಹೆಚ್ಚು. ಕಲಿಯುವವರು ವಿದ್ಯುತ್ ಮುದ್ರಣದಿಂದ ಶುರು ಮಾಡಲಿ: ಫ್ರೀಡ್‌ಮನ್ 1936ರಲ್ಲಿ ನುಡಿಸಿದ ಓಪಸ್ 55 ನಂ. 2, ಮತ್ತು ನೀವೇ ಹೇಳಿದ ಕೊಚಾಲ್‌ಸ್ಕಿ. ಕೊಚಾಲ್‌ಸ್ಕಿ ಮಿಕುಲಿಯ ಶಿಷ್ಯ, ಅಂದರೆ ಶೋಪಾನನಿಂದ ಒಂದೇ ತಲೆ ದೂರ. ಅವನು ನುಡಿಸುವ ಹೆಚ್ಚುವರಿ ಅಲಂಕಾರಗಳನ್ನು ಕೇಳಿ ಮನಸ್ಸಿಗೆ ಬಂದಂತೆ ಸೇರಿಸಿದ್ದಾನೆ ಅಂದುಕೊಳ್ಳಬೇಡಿ. ಶೋಪಾನ್ ಈ ನಾಕ್ಟರ್ನಿಗೆ ಶಿಷ್ಯರ ಪ್ರತಿಗಳಲ್ಲಿ ಪೆನ್ಸಿಲಿನಿಂದ ಬರೆದುಕೊಟ್ಟ ಬದಲಿ ಸಾಲುಗಳು ಉಳಿದಿವೆ, ಯಾನ್ ಏಕಿಯರ್ ಸಂಪಾದಿಸಿದ ಪೋಲೆಂಡಿನ ರಾಷ್ಟ್ರೀಯ ಆವೃತ್ತಿಯಲ್ಲಿ ಅಚ್ಚಾಗಿವೆ. ಮೊದಲು ಸಾದಾ ಪಾಠ ಕಲಿತು, ಆಮೇಲೆ ಅವುಗಳಲ್ಲಿ ಒಂದೋ ಎರಡೋ ಆಯ್ದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಮೆಲಡಿ ಕಾಣದಾಗುತ್ತದೆ.

ನೇರಗೆರೆ

ಈ ಎಳೆಯಲ್ಲಿ ‘ಹಳಬರಿಗೆ ಭಾವ, ಹೊಸಬರಿಗೆ ಬರೀ ಬೆರಳು’ ಎಂಬ ಮಾತು ಬರುವುದಕ್ಕೆ ಮುಂಚೆಯೇ ಸ್ವಲ್ಪ ತಡೆ ಹಾಕುತ್ತೇನೆ.

ಕೈ ಬಿಡಿಸುವುದಕ್ಕೆ ವಿರೋಧ ಟೇಪಿನ ಕಾಲದ್ದಲ್ಲ. ಯೋಸೆಫ್ ಹಾಫ್‌ಮನ್, ಆಂಟನ್ ರೂಬಿನ್‌ಸ್ಟೈನ್‌ನ ನೇರ ಶಿಷ್ಯ, ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತ 1909ರಷ್ಟು ಹಿಂದೆಯೇ ಇದನ್ನು ಕುಂಟುವಿಕೆ ಎಂದು ಬೈದಿದ್ದ. ಅಂದರೆ ಅದು ಪ್ರಚಾರದಲ್ಲಿತ್ತು, ಜೊತೆಗೆ ಅತಿಯೂ ಆಗಿತ್ತು. ರೂಢಿಯಾದದ್ದೆಲ್ಲ ಒಳ್ಳೆಯದೇ ಎಂದೇನಿಲ್ಲ. ಪ್ರತಿ ಬೀಟಿಗೂ ಎಡ-ಬಲ, ಎಡ-ಬಲ ಎಂದು ಬೀಳುವ ಪಡೆರೆವ್‌ಸ್ಕಿಯ ಕೆಲವು ತಟ್ಟೆಗಳನ್ನು ಕೊನೆಯ ತನಕ ಕೇಳುವುದು ನನ್ನ ಮಟ್ಟಿಗೆ ಶಿಕ್ಷೆ.

ಎರಡನೆಯದು, ಹಳಬರೆಲ್ಲ ತಪ್ಪು ಸ್ವರದವರಲ್ಲ. ರಾಖ್ಮನಿನಫ್ 1930ರಲ್ಲಿ ಮುದ್ರಿಸಿದ ಶೋಪಾನನ ಎರಡನೇ ಸೊನಾಟಾ ಕೇಳಿ. ಬೆರಳು ಇವತ್ತಿನ ಯಾವ ಸ್ಪರ್ಧೆಯಲ್ಲೂ ಗೆಲ್ಲುವಂಥದ್ದು. ಆದರೆ ಶವಯಾತ್ರೆಯ ಮಾರ್ಚ್ ನಡುವಿನ ಭಾಗದ ನಂತರ ಮರಳಿ ಬರುವಾಗ ಶೋಪಾನ್ ಬರೆದಂತೆ ಮೆಲ್ಲಗೆ ಅಲ್ಲ, ಗುಡುಗುತ್ತ ಬಂದು ದೂರ ಸರಿದು ಕರಗುತ್ತದೆ. ಶುದ್ಧಿಯೂ ಇದೆ, ಬರೆದದ್ದನ್ನು ತಿರುವಿಹಾಕುವ ಧೈರ್ಯವೂ ಇದೆ. ಫ್ರೆಂಚ್ ಪಿಯಾನಿಸ್ಟ್ ಕೊರ್ತೊ ಇನ್ನೊಂದು ತುದಿ. ಅವನ ತಪ್ಪು ಸ್ವರಗಳನ್ನು ಭಾವದ ಗುರುತು ಎಂದು ಪೂಜಿಸುವವರಿದ್ದಾರೆ. 12 ಇಂಚಿನ ತಟ್ಟೆಯ ಒಂದು ಬದಿಗೆ ನಾಲ್ಕು-ನಾಲ್ಕೂವರೆ ನಿಮಿಷ, ಕತ್ತರಿಸಿ ಅಂಟಿಸುವ ದಾರಿ ಇಲ್ಲ. ತಪ್ಪಿದರೆ ಇಡೀ ಬದಿಯನ್ನು ಹೊಸ ಮೇಣದಲ್ಲಿ ಮತ್ತೆ ನುಡಿಸಬೇಕು. ಸಾಲಿನ ಓಟ ಚೆನ್ನಾಗಿ ಬಂದಿದ್ದರೆ ಒಂದೆರಡು ತಪ್ಪಿದ್ದರೂ ಅದನ್ನೇ ಉಳಿಸಿಕೊಳ್ಳುತ್ತಿದ್ದರು. ಅನುಕರಿಸಬೇಕಾದದ್ದು ಆ ಓಟ.

ಬದಲಾವಣೆ ಯಾಕಾಯಿತು ಎಂದರೆ ಕಾರಣ ಒಂದಲ್ಲ. 1940ರ ದಶಕದ ಕೊನೆಗೆ ಟೇಪ್ ಬಂತು, 1948ರಲ್ಲಿ ಎಲ್‌ಪಿ ಬಂತು. ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ ಶುದ್ಧಿಯನ್ನು ಮನೆಯಲ್ಲಿ ಕೇಳಿ ರೂಢಿಯಾದ ಕಿವಿ ಸಭಾಂಗಣದಲ್ಲೂ ಅದನ್ನೇ ಕೇಳತೊಡಗಿತು. ಹೊರೋವಿಟ್ಸ್ 12 ವರ್ಷಗಳ ನಂತರ 1965ರ ಮೇ 9ರಂದು ಕಾರ್ನೆಗಿ ಹಾಲ್‌ಗೆ ಮರಳಿದಾಗ ಬಾಖ್-ಬುಸೋನಿ ಟೊಕಾಟಾದ ಆರಂಭದಲ್ಲೇ ಎಡವಿದ್ದ. ಆಗ ಹೊರಬಂದ ಎಲ್‌ಪಿಯಲ್ಲಿ ಸಂಜೆಯ ತಪ್ಪುಗಳನ್ನು ತಿದ್ದಲಾಗಿತ್ತು, ತಿದ್ದದ ರೂಪ ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ‘ಲೈವ್’ ಎಂದು ಬರೆದದ್ದನ್ನೂ ನಂಬುವ ಹಾಗಿಲ್ಲ.

ಸ್ಪರ್ಧೆಗಳ ಲೆಕ್ಕಾಚಾರವೂ ಸೇರಿಕೊಂಡಿತು. ಇದು ಸರಾಸರಿಯ ಗಣಿತ. 25ಕ್ಕೆ ಅಂಕ ಕೊಡುವ ಹತ್ತು ತೀರ್ಪುಗಾರರಿದ್ದಾರೆ ಅಂದುಕೊಳ್ಳಿ. ಒಬ್ಬನ ನುಡಿಸಾಣಿಕೆಗೆ ಐದು ಜನ 24, ಉಳಿದ ಐದು ಜನ 14 ಕೊಟ್ಟರೆ ಸರಾಸರಿ 19. ಯಾರಿಗೂ ಬೇಸರವಾಗದಂತೆ ನುಡಿಸಿ ಎಲ್ಲರಿಂದ 20 ಪಡೆದವನು ಮುಂದಿನ ಸುತ್ತಿಗೆ. ಯಾರೂ ಭಾವವನ್ನು ದ್ವೇಷಿಸಬೇಕಾಗಿಲ್ಲ. ಲೆಕ್ಕವೇ ಜಗಳ ಹುಟ್ಟಿಸುವವರನ್ನು ಹೊರಗೆ ತಳ್ಳುತ್ತದೆ. 1980ರಲ್ಲಿ ವಾರ್ಸಾದ ಶೋಪಾನ್ ಸ್ಪರ್ಧೆಯಲ್ಲಿ ಪೊಗೊರೆಲಿಚ್ ಅಂತಿಮ ಸುತ್ತಿಗೆ ಹೋಗಲಿಲ್ಲ, ಮಾರ್ತಾ ಆರ್ಗೆರಿಚ್ ತೀರ್ಪುಗಾರರ ಮಂಡಳಿ ಬಿಟ್ಟು ನಡೆದಳು. ಎಲ್ಲರಿಗೂ ಗೊತ್ತಿರುವ ಪ್ರಸಂಗ.

ಮೂಲಪಾಠದ ಆವೃತ್ತಿಗಳೂ ಕಾರಣ. ಹೆನ್ಲೆ ಪ್ರಕಾಶನ ಶುರುವಾದದ್ದು 1948ರಲ್ಲಿ. ಸಂಪಾದಕರ ಕಸ ಗುಡಿಸಿದ್ದು ದೊಡ್ಡ ಉಪಕಾರ. ಆದರೆ ಕಾಗದದಲ್ಲಿ ಇಲ್ಲದ್ದು ಸಂಗೀತದಲ್ಲೂ ಇಲ್ಲ ಎಂಬ ನಂಬಿಕೆ ಅದರ ಜೊತೆ ಬೆಳೆಯಿತು. ಶೋಪಾನ್ 1830ರ ದಶಕದ ಮಧ್ಯದ ನಂತರ ರುಬಾಟೊ ಎಂದು ಬರೆಯುವುದನ್ನೇ ಬಿಟ್ಟ. ನುಡಿಸುವುದನ್ನು ಬಿಟ್ಟ ಎಂದು ಅದರರ್ಥವೇ?

ಕೊನೆಗೆ, ಈಗಿನ ಶುದ್ಧಿಯನ್ನು ಕಡೆಗಣಿಸಬೇಡಿ. ಪೊಲ್ಲಿನಿಯ 1972ರ ಎಟ್ಯೂಡ್‌ಗಳಲ್ಲಿ ಓಪಸ್ 10 ನಂ. 1 ಕೇಳಿ. ಶೋಪಾನ್ ಅದಕ್ಕೆ ಕೊಟ್ಟ ಗುರುತು ಕಾಲು ಸ್ವರಕ್ಕೆ 176, ಅಲ್ಲಿ ಕೈ ಬಿಡಿಸಲು ಜಾಗವೇ ಇಲ್ಲ. ಆ ಸಂಗೀತ ಬೇಡುವುದು ಕಬ್ಬಿಣದ ಲಯವನ್ನೇ. ಇನ್ನು ಪರಿಪೂರ್ಣತೆಯ ಮೂರ್ತಿ ಎಂದು ಎಲ್ಲರೂ ಕೈಮುಗಿಯುವ ಮೈಕೆಲಾಂಜೆಲಿ? ಅವನ ಶೋಪಾನ್ ಮಜುರ್ಕಾಗಳನ್ನು ಹೆಡ್‌ಫೋನಿನಲ್ಲಿ ಕೇಳಿ, ಎಡಗೈ ಎಷ್ಟು ಸಲ ಮೊದಲು ಬೀಳುತ್ತದೆ ನೋಡಿ.

ಒಂಟಿಕೊಪ್ಪಲು

ಮೈಸೂರಿನವರಿಗೆ ಒಂದು ಅಡ್ಡಮಾತು. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತವರು. ಅವರ ಹಣದಿಂದ ನಡೆದ ಮೆಡ್ಟ್‌ನರ್ ಸೊಸೈಟಿಯ ಮೂಲಕ, ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಡ್ಟ್‌ನರ್ (1880–1951) ತನ್ನ ಮೂರೂ ಕಂಚೆರ್ಟೊಗಳನ್ನು ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಎಚ್‌ಎಂವಿಗೆ ನುಡಿಸಿದ. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದ. ಈ ಚರ್ಚೆಗೆ ಅದರ ಸಂಬಂಧ ಇಷ್ಟು: ಮೆಡ್ಟ್‌ನರ್‌ನ ಗುರು ಸಾಫೊನೊವ್, ಸಾಫೊನೊವ್‌ನ ಗುರು ಇದೇ ಲೆಶೆಟಿಟ್ಸ್ಕಿ. ಆದರೂ ಮೊಮ್ಮಗನ ಕೈಯಲ್ಲಿ ಎದ್ದು ಕೇಳುವುದು ಲಯದ ಬಿಗಿ ಮತ್ತು ಒಳದನಿಗಳ ಸ್ಪಷ್ಟತೆ. ಒಂದೇ ಮನೆತನದಿಂದ ಪಡೆರೆವ್‌ಸ್ಕಿಯೂ ಬಂದ, ಷ್ನಾಬೆಲ್ಲೂ ಬಂದ, ಇವನೂ ಬಂದ. ‘ರೊಮ್ಯಾಂಟಿಕ್ ಶೈಲಿ’ ಎಂದು ಒಂದೇ ಗೂಟಕ್ಕೆ ಕಟ್ಟುವ ಮುಂಚೆ ಅವನನ್ನೂ ಕೇಳಿ.

ಕರಿಬಿಳಿ_ಕೀ

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಬೇಕು. ಡಿಜಿಟಲ್ ಪಿಯಾನೊದಲ್ಲಿ 60 ಮಿಲಿಸೆಕೆಂಡು, 150 ಮಿಲಿಸೆಕೆಂಡು ಎಂದು ಅಳೆಯುವುದು ಹೇಗೆ? 32ನೇ ಬಾರಿನ ಕ್ಯಾಡೆಂಜಾ (ಬಲಗೈಯ ಒಂಟಿ ಓಟ), ‘ಸೆಂಜಾ ಟೆಂಪೊ’ (ತಾಳವಿಲ್ಲದೆ) ಎಂದು ಬರೆದಿರುವ ಕಡೆ, ಇದೆಲ್ಲ ಹೇಗೆ ಅನ್ವಯಿಸುತ್ತದೆ? ಪರೀಕ್ಷೆಯ ವಿಷಯವೂ ಬಾಕಿ ಇದೆ.

ಮಂದ್ರಸ್ಥಾಯಿ

ಅಳೆಯಲು ಡಿಜಿಟಲ್ಲೇ ಒಳ್ಳೆಯದು. ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ ಮಿಡಿ (ಯಾವ ಕೀ ಯಾವಾಗ ಒತ್ತಿದಿರಿ ಎಂಬ ದಾಖಲೆ) ರೆಕಾರ್ಡ್ ಮಾಡಿ, ಕ್ವಾಂಟೈಸ್ ಕಡ್ಡಾಯವಾಗಿ ಆಫ್ ಇರಲಿ. ಅದು ಆನ್ ಇದ್ದರೆ ನೀವು ಮಾಡಿದ ತಡವನ್ನೆಲ್ಲ ಸಾಫ್ಟ್‌ವೇರ್ ತಿದ್ದಿಹಾಕುತ್ತದೆ. ಟೆಂಪೊ 50 ಇಡಿ; ಸಾಫ್ಟ್‌ವೇರ್ ಎಣಿಸುವುದು ಕಾಲು ಸ್ವರವನ್ನು, ನಮ್ಮ ಎಂಟನೇ ಸ್ವರದ 100ಕ್ಕೆ ಅದು ಸಮ. ಕಾಲು ಸ್ವರಕ್ಕೆ 480 ಟಿಕ್ ಇರುವ ಸೆಟ್ಟಿಂಗಿನಲ್ಲಿ ಒಂದು ಟಿಕ್ ಅಂದರೆ 2.5 ಮಿಲಿಸೆಕೆಂಡು. 60–80 ಮಿಲಿಸೆಕೆಂಡು ಎಂದರೆ 24ರಿಂದ 32 ಟಿಕ್, 150 ಎಂದರೆ 60 ಟಿಕ್. ಬೇಸಿನ ಗೆರೆ, ಮೆಲಡಿಯ ಗೆರೆ ಎರಡರ ಆರಂಭದ ಅಂತರ ನೋಡಿ.

ಮೊದಲು ‘ಕೂಡಿಸಿ’ ನುಡಿಸಿದ್ದನ್ನೇ ಅಳೆಯಿರಿ. ಸಣ್ಣ ಆಶ್ಚರ್ಯ ಕಾದಿರುತ್ತದೆ: ಮೆಲಡಿ ಬೇಸಿಗಿಂತ ಸ್ವಲ್ಪ ಮುಂದೆ ಇರಬಹುದು. ಜೋರಾಗಿ ಒತ್ತಿದ ಕೀಯ ಹ್ಯಾಮರ್ ಬೇಗ ತಂತಿ ಮುಟ್ಟುತ್ತದೆ. ಒಟ್ಟಿಗೆ ಒತ್ತಿದ ಕಾರ್ಡಿನಲ್ಲೂ ಎದ್ದು ಕೇಳುವ ಸ್ವರ 30 ಮಿಲಿಸೆಕೆಂಡಿನ ಆಸುಪಾಸು ಮುಂದಿರುವುದು ಸಂಶೋಧನೆಗಳಲ್ಲಿ ಕಂಡಿರುವ ಸಂಗತಿ. ಅಂದರೆ ‘ಪೂರ್ತಿ ಕೂಡಿದ’ ಆಧುನಿಕ ನುಡಿಸಾಣಿಕೆಯೂ ಅಷ್ಟು ಕೂಡಿಲ್ಲ, ಹೊರಳಿರುವ ದಿಕ್ಕು ಮಾತ್ರ ಬೇರೆ. ಆದ್ದರಿಂದ ತಡ ಕೇಳಿಸಬೇಕಾದರೆ ಬೆರಳಿಗೆ ಅನಿಸುವುದಕ್ಕಿಂತ ಹೆಚ್ಚೇ ತಡ ಮಾಡಬೇಕಾಗುತ್ತದೆ. ಗ್ರಾಫನ್ನು ನಂಬಿ, ಬೆರಳನ್ನಲ್ಲ. ಆದರೆ ವಾರಕ್ಕೊಮ್ಮೆ ಸಾಕು. ದಿನವೂ ಟಿಕ್ ಎಣಿಸಿದರೆ ತಡವೂ ಯಂತ್ರದ್ದಾಗುತ್ತದೆ.

ಪಿಯಾನೊದ ಮೆನುವಿನಲ್ಲಿ ತಂತಿಗಳ ಅನುರಣನ, ಡ್ಯಾಂಪರ್ ಅನುರಣನದ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಅದಿಲ್ಲದೆ ಕೈ ಬಿಡಿಸಿದ ಲಾಭ ಅರ್ಧವೂ ಕೇಳುವುದಿಲ್ಲ. ಜೊತೆಗೆ ಕೊಟ್ಟಿರುವ ಚೌಕದ ಪ್ಲಾಸ್ಟಿಕ್ ಪೆಡಲ್ ಬರೀ ಆನ್-ಆಫ್ ಆಗಿದ್ದರೆ ಅರ್ಧ ಪೆಡಲ್ ಬರುವಂಥದ್ದು ಹಾಕಿಸಿ. ದೊಡ್ಡ ಗ್ರ್ಯಾಂಡ್ ಪಿಯಾನೊದಲ್ಲಿ ನುಡಿಸುವ ಅವಕಾಶ ಸಿಕ್ಕರೆ ಬೇಸನ್ನು ಮನೆಯಲ್ಲಿಗಿಂತ ಮೆಲ್ಲಗೆ ಇಡಿ. ಶೋಪಾನನ ಪ್ಲೆಯೆಲ್ ಪಿಯಾನೊದಲ್ಲಿ ಕೀ ಹಗುರ, ಬೇಸ್ ತೆಳು, ನಾದ ಬೇಗ ಕರಗುತ್ತಿತ್ತು. ಈಗಿನ 274 ಸೆಂ.ಮೀ. ಕಾನ್ಸರ್ಟ್ ಗ್ರ್ಯಾಂಡಿನ ಬೇಸ್ ದಪ್ಪ, ಬಹಳ ಹೊತ್ತು ನಿಲ್ಲುತ್ತದೆ. ಅದೇ ತೂಕದಲ್ಲಿ ಮೊದಲು ಬಿದ್ದರೆ ಮೆಲಡಿಯನ್ನು ನುಂಗಿಬಿಡುತ್ತದೆ.

ಕಾರ್ಡ್ ಚದುರಿಸುವುದನ್ನು ಈ ನಾಕ್ಟರ್ನಿನಲ್ಲಿ ಬಹುತೇಕ ಬಿಟ್ಟುಬಿಡಿ. ಎಡಗೈಯಲ್ಲಿ ಪುನರಾವರ್ತನೆಯಾಗುವ ಕಾರ್ಡುಗಳನ್ನು ಚದುರಿಸಿದರೆ ತಾಳ ಹಿಡಿಯುವವರೇ ಇಲ್ಲದಾಗುತ್ತದೆ. ಕೊನೆಯ ಕಾರ್ಡುಗಳಲ್ಲಿ ಬೇಕಾದರೆ ಒಂದನ್ನು ನಿಧಾನವಾಗಿ ಬಿಡಿಸಿ.

ಕ್ಯಾಡೆಂಜಾಕ್ಕೆ ಕೈ ಬಿಡಿಸುವ ಪ್ರಶ್ನೆಯೇ ಬರುವುದಿಲ್ಲ, ತಾಳ ಹಿಡಿಯುವ ಎಡಗೈಯೇ ಅಲ್ಲಿ ನಿಂತಿರುತ್ತದೆ. ನಾಲ್ಕು ಸ್ವರದ ಒಂದೇ ಗುಂಪು ಮತ್ತೆ ಮತ್ತೆ ಸುತ್ತುತ್ತದೆ. ಹೆಚ್ಚಿನವರು ಪ್ರತಿ ಗುಂಪಿನ ಮೊದಲ ಸ್ವರಕ್ಕೆ ಒತ್ತು ಕೊಟ್ಟು ಅದನ್ನು ಬೆರಳು ವ್ಯಾಯಾಮ ಮಾಡಿಬಿಡುತ್ತಾರೆ. ಒತ್ತು ತೆಗೆಯಲು ಒಂದು ಉಪಾಯ: ಅಭ್ಯಾಸಕ್ಕೆ ಮಾತ್ರ ಮೂರು ಮೂರಾಗಿ, ಆಮೇಲೆ ಐದೈದಾಗಿ ಗುಂಪು ಮಾಡಿ ನುಡಿಸಿ. ಒತ್ತು ಬೇರೆ ಬೇರೆ ಬೆರಳಿಗೆ ಸರಿದು ಕೈ ಸಮವಾಗುತ್ತದೆ. ಆಮೇಲೆ ಒಂದೇ ಗುಂಪಾಗಿ, ನಿಧಾನ ಶುರು, ನಡುವೆ ಓಟ, ಕೊನೆಯ ಕೆಲವು ಸುತ್ತುಗಳಲ್ಲಿ ಮತ್ತೆ ನಿಧಾನ. ಓಟಕ್ಕೂ ಜೋರಿಗೂ ಗಂಟು ಹಾಕಬೇಡಿ. ವೇಗ ಇಳಿಯುವ ಮೊದಲೇ ದನಿ ಇಳಿಯತೊಡಗಿದರೆ ಚೆನ್ನ.

ನೇರಗೆರೆ

ಪರೀಕ್ಷೆಯ ಬಗ್ಗೆ ನನ್ನ ಅಭಿಪ್ರಾಯ: ಇಡೀ ನಾಕ್ಟರ್ನಿನಲ್ಲಿ ನಾಲ್ಕೈದು ಕಡೆ, 80 ಮಿಲಿಸೆಕೆಂಡು ಮೀರದಂತೆ. ಥೀಮ್ ಮರಳುವ ಸ್ವರಗಳಲ್ಲಿ ಎರಡು ಮೂರು, ಕೊನೆಯ ಭಾಗದಲ್ಲಿ ಶೋಪಾನ್ ತಾನೇ ‘ಪೊಕೊ ರುಬಾಟೊ’ (ಸ್ವಲ್ಪ ರುಬಾಟೊ) ಎಂದು ಬರೆದಿರುವ ಕಡೆ ಒಂದು. ಎಡಗೈ ಸ್ಥಿರವಾಗಿದ್ದರೆ ಪರೀಕ್ಷಕರಿಗೆ ಅದು ಹಾಡುಗಾರಿಕೆಯಾಗಿ ಕೇಳುತ್ತದೆ. ಎಡಗೈ ಅಲುಗಿದರೆ ಅದೇ ತಡ ಅಭ್ಯಾಸದ ಕೊರತೆಯಾಗಿ ಕೇಳುತ್ತದೆ. ಕ್ಲಾಸಿನಲ್ಲಿ ಮೊದಲು ಪೂರ್ತಿ ಕೂಡಿಸಿ ಒಮ್ಮೆ ನುಡಿಸಿ ತೋರಿಸಿ, ಆಮೇಲೆ ಗುರುತು ಹಾಕಿದ ಪ್ರತಿ ಮುಂದಿಟ್ಟು ಬಿಡಿಸಿ ನುಡಿಸಿ. ಎರಡೂ ಬರುತ್ತದೆ ಎಂದು ಗೊತ್ತಾದ ಮೇಲೆ ಟೀಚರ್ ಜೊತೆ ಮಾತು ‘ಕೈ ಕೂಡುತ್ತಿಲ್ಲ’ ಎಂಬಲ್ಲಿಂದ ‘ಯಾವ ಸ್ವರದಲ್ಲಿ ಬೇಡ’ ಎಂಬಲ್ಲಿಗೆ ಬರುತ್ತದೆ. ಪಟ್ಟಿಯಲ್ಲಿ ಇದರ ಜೊತೆ ಬಾಖ್ ಇದ್ದರೆ ಅದನ್ನು ಮೊದಲು ನುಡಿಸಿ. ಲಯ ಕೈಯಲ್ಲಿದೆ ಎಂದು ಅಲ್ಲೇ ಸಾಬೀತಾಗಿರುತ್ತದೆ.